ಶಾಸನವೂ ಪ್ರಭುಶಕ್ತಿಯೂ : ಹರಿಹರ–ದಾವಣಗೆರೆ ಸೀಮೆಯ ಚರಿತ್ರೆಯಿಂದ ಒಂದು ವಿಚಾರ

೧. ಪೀಠಿಕೆ

ಕನ್ನಡದಲ್ಲಿ ‘ಶಾಸನ’ವೆಂಬ ಒಂದೇ ಶಬ್ದವು ಮೂರು ಅರ್ಥಗಳಲ್ಲಿ ಬಳಕೆಯಾಗುತ್ತಿರುವುದು ವಾಚಕ ಮಹಾಶಯರಿಗೆ ತಿಳಿದ ವಿಷಯವೇ ಆಗಿದೆ. ಕಲ್ಲಿನ ಮೇಲೆಯೂ ತಾಮ್ರಪಟದ ಮೇಲೆಯೂ ಕೊರೆದ ಬರಹವು ಶಾಸನ. ಒಡೆಯನು ಮಾಡಿದ ಅಪ್ಪಣೆಯು ಶಾಸನ. ವಿಧಾನಮಂಡಲವು ಅಂಗೀಕರಿಸಿದ ಕಾಯಿದೆಯೂ ಶಾಸನವೇ. ಈ ಮೂರರಲ್ಲಿ ಯಾವುದು ಮೂಲವೆಂದು ಕೇಳಿದರೆ, ಒಡೆಯನ ಅಪ್ಪಣೆಯೇ ಮೂಲವೆಂದೂ, ಕಲ್ಲೂ ಕಾಯಿದೆಯ ಪುಸ್ತಕವೂ ಅದನ್ನು ಹೊತ್ತುಕೊಂಡಿರುವ ಪಾತ್ರೆಗಳೆಂದೂ ಹಲವರು ಥಟ್ಟನೆ ಉತ್ತರಕೊಡುವರು. ಈ ಉತ್ತರವು ಸಾಧುವೇ ಎಂಬುದನ್ನು ನಮ್ಮ ಸೀಮೆಯ ಚರಿತ್ರೆಯನ್ನೇ ಒರೆಗಲ್ಲಾಗಿಟ್ಟುಕೊಂಡು ಪರೀಕ್ಷಿಸುವುದೇ ಈ ಲೇಖನದ ಉದ್ದೇಶವು.

ಇದು ಪಂಡಿತರ ವಾಗ್ವಾದಕ್ಕಷ್ಟೇ ಸೇರಿದ ವಿಷಯವೆಂದು ಭಕ್ತರು ಎಣಿಸಬಾರದು. ಹೊಲದ ಪಹಣಿ, ಅಣ್ಣತಮ್ಮಂದಿರ ಪಾಲುಪಾರೀಖತ್ತು, ಮಗಳ ಮದುವೆ, ಮಠದ ಆಸ್ತಿ, ಊರಿನ ಪಂಚಾಯತಿಯ ತೀರ್ಮಾನ—ಇವೆಲ್ಲವೂ ಶಾಸನಕ್ಕೆ ಒಳಪಟ್ಟಿರುವುವು. ಬಲವಿದ್ದವನು ಹೇಳಿದ್ದೇ ಶಾಸನವಾಗುವುದಾದರೆ ದುರ್ಬಲನಿಗೆ ಎಲ್ಲಿಯೂ ನೆಲೆಯಿಲ್ಲ. ಶಾಸನವು ಬಲವಂತನನ್ನೂ ಕಟ್ಟುವುದಾದರೆ ಮಾತ್ರ ವಿಧವೆಯೂ ಅನಾಥನೂ ನಿರ್ಭಯದಿಂದ ಬಾಳಬಹುದು. ಆದುದರಿಂದ ಪ್ರಶ್ನೆಯನ್ನು ಹೀಗೆ ನಿರ್ದೇಶಿಸೋಣ : ರಾಜನು ಆಜ್ಞಾಪಿಸಿದುದರಿಂದ ಅದು ಶಾಸನವಾಯಿತೇ? ಅಥವಾ ಶಾಸನಕ್ಕೆ ತಲೆಬಾಗಿದುದರಿಂದ ಅವನು ರಾಜನಾದನೇ?

೨. ಪೂರ್ವಪಕ್ಷ

ಶಾಸ್ತ್ರವಿಚಾರದ ಕ್ರಮದಂತೆ ಮೊದಲು ಪೂರ್ವಪಕ್ಷವನ್ನು ಹೇಳತಕ್ಕದ್ದು. ಆಂಗ್ಲದೇಶದ ಜಾನ್ ಆಸ್ಟಿನ್ ಎಂಬ ವಿದ್ವಾಂಸನು ೧೮೩೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪಕ್ಷವನ್ನು ಬಹು ಸ್ಪಷ್ಟವಾಗಿ ಮಂಡಿಸಿರುವನು. ಪ್ರಜೆಗಳಲ್ಲಿ ಹೆಚ್ಚಿನವರು ಯಾರಿಗೆ ರೂಢಿಯಿಂದ ವಿಧೇಯರಾಗಿರುವರೋ, ಯಾರು ತಾನು ಮತ್ತೊಬ್ಬರಿಗೆ ವಿಧೇಯನಾಗಿಲ್ಲವೋ ಅವನೇ ಪ್ರಭು. ಮೀರಿದರೆ ದಂಡವುಂಟೆಂಬ ಬೆದರಿಕೆಯೊಡನೆ ಅವನು ಮಾಡಿದ ಆಜ್ಞೆಯೇ ಶಾಸನ—ಇದು ಅವನ ಮತದ ಸಾರಾಂಶವು. ಈ ಮತದಲ್ಲಿ ಪ್ರಭುವನ್ನು ಕಟ್ಟುವ ಶಾಸನವೆಂಬುದೇ ಇಲ್ಲ; ತನ್ನನ್ನು ತಾನೇ ದಂಡಿಸಿಕೊಳ್ಳುವ ದೊರೆಯು ಎಲ್ಲಿರುವನು?

ಈ ಮತದಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ದಂಡವಿಲ್ಲದ ರಾಜ್ಯದಲ್ಲಿ ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದೆಂದು ನಮ್ಮ ಪ್ರಾಚೀನರೂ ಹೇಳಿರುವರು. ಆದರೆ ದಂಡವು ಶಾಸನದ ಒಂದು ಅಂಗವೆಂಬುದು ಬೇರೆ, ದಂಡವೇ ಶಾಸನದ ಪ್ರಾಣವೆಂಬುದು ಬೇರೆ. ೧೮೬೨ರಿಂದ ೧೮೬೯ರವರೆಗೆ ಈ ದೇಶದ ಗವರ್ನರ್ ಜನರಲ್ ಅವರ ಮಂಡಲಿಯಲ್ಲಿ ನ್ಯಾಯಶಾಖೆಯ ಸದಸ್ಯನಾಗಿದ್ದ ಹೆನ್ರಿ ಮೇನ್ ಎಂಬವನು ಈ ಭೇದವನ್ನು ಗುರುತಿಸಿದನು. ಪಂಜಾಬಿನ ರಣಜಿತ್ ಸಿಂಗನು ಬೇಕಾದಷ್ಟು ಕಂದಾಯವನ್ನೆತ್ತಬಲ್ಲವನಾಗಿದ್ದನು, ಬೇಕಾದವರ ತಲೆಯನ್ನು ಕಡಿಸಬಲ್ಲವನಾಗಿದ್ದನು. ಆದರೆ ಅವನ ಪ್ರಜೆಗಳು ಯಾವ ಕಟ್ಟಳೆಗಳಿಗೆ ಒಳಪಟ್ಟು ಬಾಳುತ್ತಿದ್ದರೋ ಅವುಗಳಲ್ಲಿ ಒಂದನ್ನಾದರೂ ಅವನು ಮಾಡಿದವನಲ್ಲವೆಂದು ಮೇನನು ೧೮೭೫ರ ತನ್ನ ಗ್ರಂಥದಲ್ಲಿ ವಿವರಿಸಿದನು. ಆ ಕಟ್ಟಳೆಗಳು ಅರಸನಿಗಿಂತ ಹಳೆಯವು. ಅರಸನು ಹೋದಮೇಲೂ ಉಳಿಯುವಂಥವು. ಇದಕ್ಕೆ ಉದಾಹರಣೆಯನ್ನು ಹುಡುಕುತ್ತ ಪಂಜಾಬಿಗೆ ಹೋಗಬೇಕಾದುದಿಲ್ಲ. ಹರಿಹರದ ದೇವಾಲಯದ ಅಂಗಳಕ್ಕೆ ಹೋದರೆ ಸಾಕು.

೩. ಹರಿದ್ರಾನದಿಯ ಕಟ್ಟೆ

ತುಂಗಭದ್ರಾ ಹರಿದ್ರಾ ನದಿಗಳು ಕೂಡುವ ಸ್ಥಳವಾದುದರಿಂದ ಕೂಡಲೂರೆಂದು ಪ್ರಾಚೀನಕಾಲದಲ್ಲಿ ಪ್ರಸಿದ್ಧವಾಗಿದ್ದ ಕ್ಷೇತ್ರವೇ ಇಂದಿನ ಹರಿಹರವು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕ್ರಿ. ಶ. ೧೨೨೪ರ ಸುಮಾರಿನಲ್ಲಿ ಇಲ್ಲಿ ಶ್ರೀ ಹರಿಹರೇಶ್ವರನ ಭವ್ಯವಾದ ಆಲಯವನ್ನು ಕಟ್ಟಿಸಿದನು. ೧೨೬೮ರಲ್ಲಿ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನು ಅದನ್ನು ಇನ್ನೂ ವಿಸ್ತರಿಸಿದನು. ಆಲಯದ ಆವರಣದಲ್ಲಿ ನಿಂತಿರುವ ಕಲ್ಲುಗಳನ್ನು ರೈಸ್ ಸಾಹೇಬರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೊಂದನೆಯ ಸಂಪುಟದಲ್ಲಿ ಸಂಗ್ರಹಿಸಿ ಅಚ್ಚುಹಾಕಿಸಿರುವರು. ಅವುಗಳಲ್ಲಿ ಹೆಚ್ಚಿನವು ದಾನಶಾಸನಗಳು. ಆದರೆ ನಮ್ಮ ಪ್ರಕೃತ ವಿಚಾರಕ್ಕೆ ಅತ್ಯಂತ ಉಪಯುಕ್ತವಾದುದು ಕ್ರಿ. ಶ. ೧೪೧೦ರ ಒಂದು ಶಾಸನವು.

ಅದು ವಿಜಯನಗರದ ದೇವರಾಯನ ಆಳ್ವಿಕೆಯ ಕಾಲದ್ದು. ಅದರ ವಿಷಯವೇನೆಂದರೆ : ಹರಿಹರದ ಮಹಾಜನರು ತಮ್ಮ ಸ್ವಂತ ವೆಚ್ಚದಿಂದ ಹರಿದ್ರಾನದಿಗೆ ಕಟ್ಟೆಯನ್ನು ಕಟ್ಟಿ, ದೇವರ ಸೀಮೆಯೊಳಗಾಗಿ ಕಾಲುವೆಯನ್ನು ತರತಕ್ಕದ್ದು, ಆ ಕಾಲುವೆಯ ನೀರು ಹರಿದು ಗದ್ದೆಯಾಗುವ ಭೂಮಿಯಲ್ಲಿ ಮೂರರಲ್ಲಿ ಎರಡು ಪಾಲು ಶ್ರೀ ಹರಿಹರದೇವರಿಗೆ, ಒಂದು ಪಾಲು ವೆಚ್ಚಮಾಡಿದ ಮಹಾಜನರಿಗೆ. ಹೀಗೆ ಎರಡು ಕಡೆಯವರೂ ಒಪ್ಪಿಕೊಂಡು, ಒಪ್ಪಿದ್ದನ್ನು ಕಲ್ಲಿನ ಮೇಲೆ ಕೊರೆಯಿಸಿದರು.

ಭಕ್ತರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಇದು ಅರಸನ ಅಪ್ಪಣೆಯಲ್ಲ. ನೀರನ್ನು ತರುವವರೂ ಭೂಮಿಯನ್ನುಳ್ಳವರೂ ಸೇರಿ ಮಾಡಿಕೊಂಡ ಸಮಯವು, ಅಂದರೆ ಒಡಂಬಡಿಕೆಯು. ಆದರೂ ನಾವು ಅದನ್ನು ‘ಶಾಸನ’ವೆಂದೇ ಕರೆಯುತ್ತೇವೆ, ಹಾಗೆ ಕರೆಯುವುದು ಸರಿಯೂ ಆಗಿದೆ. ಏಕೆಂದರೆ ಅದು ಎರಡು ಕಡೆಯವರನ್ನೂ, ಅವರ ಸಂತತಿಯವರನ್ನೂ ಕಟ್ಟುತ್ತದೆ. ನದಿಯ ನೀರನ್ನು ನಿಲ್ಲಿಸುವುದು ‘ಕಟ್ಟೆ’. ಮನುಷ್ಯನ ಇಚ್ಛೆಯನ್ನು ಮೇರೆಯೊಳಗೆ ನಿಲ್ಲಿಸುವುದು ‘ಕಟ್ಟಳೆ’. ಎರಡರಲ್ಲಿಯೂ ‘ಕಟ್ಟು’ ಎಂಬ ಮಾತೇ ಕೇಳಿಬರುವುದು ಮನನಮಾಡತಕ್ಕ ಸಂಗತಿಯು. ಕಟ್ಟೆಯಿಲ್ಲದ ನೀರು ಹಳ್ಳಕ್ಕೆ ಹರಿದುಹೋಗುವುದು. ಕಟ್ಟಳೆಯಿಲ್ಲದ ಬಲವು ಊರನ್ನೇ ಕೊಚ್ಚಿಕೊಂಡು ಹೋಗುವುದು.

ಹಾಗಾದರೆ ಇಲ್ಲಿ ಅರಸನಿಗೆ ಕೆಲಸವೇ ಇಲ್ಲವೇ? ಇದೆ. ಆ ಕಟ್ಟೆಯು ಮುಂದೆ ಒಡೆದುಹೋಗಲು, ೧೪೨೪ರಲ್ಲಿ ಚಾಮನೃಪನೆಂಬ ದಂಡನಾಯಕನು ದ್ರವ್ಯವನ್ನಿತ್ತು ಅದನ್ನು ಜೀರ್ಣೋದ್ಧಾರ ಮಾಡಿಸಿದ ಸಂಗತಿಯು ಮತ್ತೊಂದು ಶಾಸನದಿಂದ ತಿಳಿದುಬರುತ್ತದೆ. ಕಟ್ಟೆಯನ್ನೂ ಕಟ್ಟಳೆಯನ್ನೂ ಹುಟ್ಟಿಸಿದವರು ಜನರು. ಒಡೆದಾಗ ಅದನ್ನು ಎತ್ತಿನಿಲ್ಲಿಸಿದುದು ಪ್ರಭುಶಕ್ತಿಯು. ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯಗಳ ತಾತ್ಪರ್ಯವೂ ಇದೇ. ತಾನು ಕೊಟ್ಟುದನ್ನಾಗಲಿ ಪರರು ಕೊಟ್ಟುದನ್ನಾಗಲಿ ಅಪಹರಿಸುವವನು ಘೋರನರಕಕ್ಕೆ ಹೋಗುವನೆಂದೂ, ದಾನಕ್ಕಿಂತ ಪಾಲನೆಯೇ ಮಿಗಿಲೆಂದೂ ಕೊಟ್ಟ ಅರಸನೇ ಬರೆಯಿಸುತ್ತಾನೆ. ಮುಂದೆ ಬರುವ ಅರಸರನ್ನು ಅವನು ಬೇಡಿಕೊಳ್ಳುತ್ತಾನೆ. ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುತ್ತಾನೆ.

ಶ್ರವಣಬೆಳಗೊಳದ ೧೩೬೮ರ ಶಾಸನವು ಇದನ್ನು ಇನ್ನೂ ವಿಶದಪಡಿಸುವುದು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಗಿ ಜೈನರು ಬುಕ್ಕರಾಯನಲ್ಲಿ ಮೊರೆಯಿಡಲು, ಅವನು ಎರಡು ಪಕ್ಷದ ಮುಖಂಡರನ್ನೂ ಕರೆಯಿಸಿ, ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು. ಜೈನರ ಮನೆಗೆ ವರ್ಷಕ್ಕೊಂದು ಹಣದಂತೆ ಎತ್ತಿ, ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಮೈಗಾವಲಿನವರನ್ನು ನೇಮಿಸಬೇಕೆಂದೂ, ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹಚ್ಚಿಸಬೇಕೆಂದೂ ಕಟ್ಟಳೆಯಾಯಿತು. ಅರಸನು ಇಲ್ಲಿ ಹೊಸ ಧರ್ಮವನ್ನು ಸೃಷ್ಟಿಸಲಿಲ್ಲ. ಸಮಯಕ್ಕೆ ಸಾಕ್ಷಿಯಾಗಿಯೂ ಹೊಣೆಯಾಗಿಯೂ ನಿಂತನು.

ವಿಜಯನಗರದ ಪತನಾನಂತರ ಹರಿಹರವು ತರೀಕೆರೆಯ ಪಾಳೆಯಗಾರರು, ಸವಣೂರಿನ ನವಾಬರು, ಬಿದನೂರಿನ ಅರಸರು, ಮರಾಠರು ಎಂದು ಕೈಯಿಂದ ಕೈಗೆ ಸಾಗಿ, ೧೭೬೩ರಲ್ಲಿ ಹೈದರ್ ಅಲಿಯ ವಶವಾಯಿತು. ದಾವಣಗೆರೆಯು ಆಗ ಬೇತೂರಿಗೆ ಸೇರಿದ ಒಂದು ಸಣ್ಣ ಗ್ರಾಮವಾಗಿದ್ದಿತು. ಹೈದರನು ಅದನ್ನು ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಡಲು, ಅವನು ವರ್ತಕರಿಗೆ ಉತ್ತೇಜನವನ್ನಿತ್ತು ನೆಲೆಗೊಳಿಸಿದುದರಿಂದ ಅದು ಪೇಟೆಯಾಗಿ ಬೆಳೆಯಿತು. ಪ್ರಭುಗಳು ಇಷ್ಟುಸಾರಿ ಬದಲಾದರೂ, ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು, ತೂಕದಲ್ಲಿ ಮೋಸಮಾಡಬಾರದು, ಪರರ ಹೊಲದ ಬದುವನ್ನು ಒತ್ತಬಾರದು ಎಂಬ ಕಟ್ಟಳೆಗಳು ಬದಲಾಗಲಿಲ್ಲ.

೪. ಧರ್ಮಶಾಸ್ತ್ರಕಾರರ ನಿರ್ಣಯ

ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿದ್ದ ಓಲೆಯ ಪ್ರತಿಯಿಂದ ಬೆಳಕಿಗೆ ತಂದು ೧೯೦೯ರಲ್ಲಿ ಪ್ರಕಟಿಸಿದ ಕೀರ್ತಿಯು ಪಂಡಿತ ಆರ್. ಶಾಮಶಾಸ್ತ್ರಿಗಳಿಗೆ ಸಲ್ಲುವುದು. ಆ ಗ್ರಂಥದಲ್ಲಿ ವಿವಾದನಿರ್ಣಯಕ್ಕೆ ಧರ್ಮ, ವ್ಯವಹಾರ, ಚರಿತ್ರ, ರಾಜಶಾಸನಗಳೆಂಬ ನಾಲ್ಕು ಪಾದಗಳನ್ನು ಹೇಳಿ, ಹಿಂದಿನದನ್ನು ಮುಂದಿನದು ಬಾಧಿಸುವುದೆಂದು ವಿಧಿಸಿದೆ. ಇದನ್ನು ಮಾತ್ರ ನೋಡಿದವರು ಕೌಟಿಲ್ಯನೂ ಆಸ್ಟಿನ್ನನ ಪಕ್ಷದವನೇ ಎಂದು ಭ್ರಮಿಸುವರು. ಆದರೆ ಅದೇ ಪ್ರಕರಣದಲ್ಲಿ, ಶಾಸ್ತ್ರಕ್ಕೂ ಧರ್ಮ್ಯವಾದ ನ್ಯಾಯಕ್ಕೂ ವಿರೋಧವುಂಟಾದರೆ ನ್ಯಾಯವೇ ಪ್ರಮಾಣವೆಂದೂ ಅವನು ಹೇಳಿರುವನು. ನಿರಪರಾಧಿಯನ್ನು ದಂಡಿಸಿದ ರಾಜನು ಆ ದಂಡದ ಮೂವತ್ತರಷ್ಟನ್ನು ತಾನು ತೆರಬೇಕೆಂದೂ ಅವನ ಮತವಾಗಿದೆ. ಸಾಮಾನ್ಯನಿಗೆ ಒಂದು ಪಣ ದಂಡವಾಗುವಲ್ಲಿ ರಾಜನಿಗೆ ಸಾವಿರ ಪಣವೆಂದು ಮನುವೂ ವಿಧಿಸಿರುವನು. ರಾಜನೇ ಶಾಸನದ ಮೂಲವಾಗಿದ್ದರೆ ಅವನಿಗೆ ದಂಡವೆಲ್ಲಿಯದು?

ಇವರೆಲ್ಲರಿಗಿಂತ ನಮಗೆ ಸಮೀಪದವನು ವಿಜ್ಞಾನೇಶ್ವರನು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯೆಯನ್ನು ರಚಿಸಿದ ಈ ಮಹನೀಯನ ಮಾತು, ೧೮೧೦ರಲ್ಲಿ ಕೋಲ್‌ಬ್ರೂಕನು ದಾಯವಿಭಾಗವನ್ನು ಆಂಗ್ಲಭಾಷೆಗೆ ತಂದಮೇಲೆ, ಬ್ರಿಟಿಷರ ನ್ಯಾಯಸ್ಥಾನಗಳಲ್ಲಿಯೂ ಪ್ರಮಾಣವಾಯಿತು. ವಂಗದೇಶವೊಂದನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂಕುಟುಂಬಗಳ ಆಸ್ತಿಯನ್ನು ಕನ್ನಡನಾಡಿನಲ್ಲಿ ಕುಳಿತು ಬರೆದ ಒಂದು ಗ್ರಂಥವು ಆಳಿತೆಂಬುದು ನಮಗೆ ಅಭಿಮಾನದ ವಿಷಯವು. ವಿಜ್ಞಾನೇಶ್ವರನು ದೊರೆಯಲ್ಲ, ಅವನಲ್ಲಿ ದಂಡವಿರಲಿಲ್ಲ. ಅವನನ್ನು ಆಶ್ರಯಿಸಿದ ಚಾಲುಕ್ಯ ಸಾಮ್ರಾಜ್ಯವು ಅಳಿದು ಎಂಟುನೂರು ವರ್ಷಗಳಾದುವು. ಅವನ ಮಾತು ಮಾತ್ರ ಉಳಿಯಿತು.

ಅವನು ಸಾಧಿಸಿದ ಮೂರು ಅಂಶಗಳನ್ನು ಇಲ್ಲಿ ಸಂಗ್ರಹಿಸುತ್ತೇನೆ. ಮೊದಲನೆಯದು, ಸ್ವತ್ತು ಎಂಬುದು ಲೌಕಿಕವಾದುದು. ಶಾಸ್ತ್ರವನ್ನರಿಯದ ಗಡಿನಾಡಿನವರಲ್ಲಿಯೂ ಕ್ರಯವಿಕ್ರಯಗಳಿಂದ ಸ್ವತ್ತು ಕಂಡುಬರುವುದರಿಂದ, ಅದು ಲೋಕವ್ಯವಹಾರದಿಂದಲೇ ಸಿದ್ಧವಾದುದೆಂದು ಅವನು ವಾದಿಸುವನು. ಎರಡನೆಯದು, ಪಿತ್ರಾರ್ಜಿತದಲ್ಲಿ ಮಗನಿಗೆ ಜನ್ಮದಿಂದಲೇ ಸ್ವಾಮ್ಯವುಂಟು. ಆದುದರಿಂದ ಮನೆಯ ಯಜಮಾನನಿಗೂ ಇಚ್ಛಾನುಸಾರವಾದ ಅಧಿಕಾರವಿಲ್ಲ. ಮೂರನೆಯದು, ಶಾಸ್ತ್ರದಲ್ಲಿ ಹೇಳಿದ್ದರೂ ಲೋಕವು ದ್ವೇಷಿಸುವುದನ್ನು ಆಚರಿಸಬಾರದು. ಅವನು ವ್ಯಾಖ್ಯಾನಿಸಿದ ಸ್ಮೃತಿಯಲ್ಲಿ, ಸಮಯಧರ್ಮವನ್ನೂ ರಾಜನು ಮಾಡಿದ ಧರ್ಮವನ್ನೂ ಕಾಪಾಡತಕ್ಕದ್ದೆಂದು ಒಂದೇ ಉಸಿರಿನಲ್ಲಿ ಹೇಳಿದೆ. ಆದರೆ ಎರಡಕ್ಕೂ ಒಂದು ನಿಬಂಧನೆಯುಂಟು, ಅವು ಮೂಲಧರ್ಮಕ್ಕೆ ವಿರುದ್ಧವಾಗಿರಬಾರದು. ವಿವಾದವನ್ನು ನೋಡುವವರಲ್ಲಿ ಕುಲ, ಶ್ರೇಣಿ, ಪೂಗ, ರಾಜನಿಂದ ನಿಯುಕ್ತರಾದವರು ಎಂದು ಮೆಟ್ಟಲುಗಳನ್ನಿಟ್ಟುದರಿಂದ, ಮನೆತನದವರು, ಕಸಬಿನವರು, ಊರಿನವರು ಮಾಡುವ ನ್ಯಾಯವೂ ನ್ಯಾಯವೇ ಎಂದು ಒಪ್ಪಿದಂತಾಯಿತು.

೫. ಕಲ್ಯಾಣವು ಕೇಳಿದ ಪ್ರಶ್ನೆ

ಇಷ್ಟರಿಂದ, ಹಳೆಯ ಕಟ್ಟಳೆಯೆಲ್ಲವೂ ಪೂಜ್ಯವೆಂದೂ, ಪ್ರಭುವು ಅದರಲ್ಲಿ ಕೈಹಾಕಲೇಬಾರದೆಂದೂ ಯಾರಾದರೂ ತಿಳಿದರೆ ಅದು ಅರ್ಧಸತ್ಯವಾಗುವುದು. ವಿಜ್ಞಾನೇಶ್ವರನಿದ್ದ ಕಲ್ಯಾಣದಲ್ಲಿಯೇ, ಅವನ ತರುವಾಯ ಒಂದು ತಲೆಮಾರು ಕಳೆಯುವಷ್ಟರಲ್ಲಿ, ಈ ಅರ್ಧಸತ್ಯಕ್ಕೆ ಉತ್ತರವು ದೊರೆಯಿತು.

ಕಲಚುರಿ ಬಿಜ್ಜಳನ ಆಳ್ವಿಕೆಯಲ್ಲಿ ಭಾಂಡಾರಿಯಾಗಿದ್ದ ಶ್ರೀ ಬಸವೇಶ್ವರನು ರಾಜಾಧಿಕಾರದೊಳಗೇ ಇದ್ದವನು. ಶರಣನಾದ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ವಿವಾಹವಾಗಲು, ವರ್ಣಸಂಕರವಾಯಿತೆಂಬ ದೂರಿನ ಮೇಲೆ ಬಿಜ್ಜಳನು ಹರಳಯ್ಯ ಮಧುವರಸರಿಗೆ ಘೋರವಾದ ವಧೆಯನ್ನು ವಿಧಿಸಿದನೆಂದು ನಮ್ಮ ಪರಂಪರೆಯು ಹೇಳುತ್ತ ಬಂದಿದೆ. ಇಲ್ಲಿ ಆಸ್ಟಿನ್ನನು ಕೇಳುವುದೆಲ್ಲವೂ ಇದ್ದಿತು. ಪ್ರಭುವಿದ್ದನು, ಆಜ್ಞೆಯಿದ್ದಿತು, ದಂಡವಿದ್ದಿತು. ರೂಢಿಯ ಬೆಂಬಲವೂ ಇದ್ದಿತು. ಇಲ್ಲದಿದ್ದುದು ಒಂದೇ, ನ್ಯಾಯ. ಆದುದರಿಂದಲೇ ಆ ಆಜ್ಞೆಯು ಎರಡು ಪ್ರಾಣಗಳನ್ನು ತೆಗೆದುಕೊಳ್ಳಲು ಶಕ್ತವಾಯಿತೇ ಹೊರತು, ಒಂದು ಮನಸ್ಸನ್ನಾದರೂ ಒಪ್ಪಿಸಲು ಶಕ್ತವಾಗಲಿಲ್ಲ. ೧೧೬೭ರ ಸುಮಾರಿಗೆ ಬಿಜ್ಜಳನ ಆಳ್ವಿಕೆಯೇ ಕೊನೆಗಂಡಿತು.

ಕಾಲಚಕ್ರವು ಉರುಳಿ, ೧೯೪೯ರಲ್ಲಿ ಭಾರತದ ಶಾಸನಸಭೆಯು ಬೇರೆಬೇರೆ ಜಾತಿಯ ಹಿಂದೂಗಳ ನಡುವಣ ವಿವಾಹಗಳು ಸಿಂಧುವೆಂದು ಕಾಯಿದೆಮಾಡಿತು. ೧೯೫೫ರ ಹಿಂದೂ ವಿವಾಹ ಅಧಿನಿಯಮದ ಎರಡನೆಯ ಪ್ರಕರಣದಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಎತ್ತಿ ಹೇಳಿದೆ. ಪ್ರಾಪ್ತವಯಸ್ಕರಾದ ಇಬ್ಬರು ಒಪ್ಪಿ ಮಾಡಿಕೊಂಡ ವಿವಾಹಕ್ಕೆ ಯಾವ ಜಾತಿಪಂಚಾಯತಿಯೂ ಅಡ್ಡಬರಲಾಗದೆಂದು ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಅಂದು ಯಾವುದಕ್ಕೆ ವಧೆಯು ವಿಧಿಸಲ್ಪಟ್ಟಿತೋ ಅದನ್ನು ಇಂದು ಶಾಸನವೇ ಕಾಯುತ್ತಿದೆ. ಹಾಗೆಯೇ ಶತಮಾನಗಳ ಕಟ್ಟಳೆಯೆನಿಸಿಕೊಂಡಿದ್ದ ಅಸ್ಪೃಶ್ಯತೆಯನ್ನು ಸಂವಿಧಾನದ ೧೭ನೆಯ ಅನುಚ್ಛೇದವು ರದ್ದುಮಾಡಿತು. ಇಲ್ಲಿ ಸಮಯವು ತಪ್ಪಿತ್ತು, ತಿದ್ದಿದುದು ಪ್ರಭುಶಾಸನ. ರಾಜನು ಸಮಯವನ್ನು ಮುರಿಯಬಾರದೆಂಬುದು ಎಷ್ಟು ಸತ್ಯವೋ, ಸಮಯವು ಮನುಷ್ಯನನ್ನು ಮುರಿಯಬಾರದೆಂಬುದೂ ಅಷ್ಟೇ ಸತ್ಯ.

೬. ತುಂಗಭದ್ರೆಯ ಎರಡು ದಡಗಳು

ಇನ್ನು ಅರ್ವಾಚೀನಕಾಲಕ್ಕೆ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ ಅಮಲ್ದಾರರು ಇಷ್ಟು ಹಣವನ್ನು ಎತ್ತಿಕೊಡುತ್ತೇವೆಂದು ಒಪ್ಪಿಕೊಳ್ಳುವ ಶರತ್ತಿನ ಪದ್ಧತಿಯು ಜಾರಿಯಲ್ಲಿದ್ದಿತು. ರೈತನ ಕೈಯಲ್ಲಿ ಬೆಳೆಯಿದೆಯೇ ಇಲ್ಲವೇ ಎಂದು ನೋಡದೆ ವಸೂಲಿಗಿಳಿದುದರಿಂದ ೧೮೩೦–೩೧ರಲ್ಲಿ ನಗರದ ಸೀಮೆಯ ರೈತರು ಕೂಟಗಳನ್ನು ಕಟ್ಟಿಕೊಂಡು ದಂಗೆಯೆದ್ದರು. ಇಂದು ದಾವಣಗೆರೆ ಜಿಲ್ಲೆಗೆ ಸೇರಿರುವ ಹೊನ್ನಾಳಿಯ ಕೋಟೆಯು ಯುದ್ಧಭೂಮಿಯಾಯಿತು. ದಂಡವು ನ್ಯಾಯವನ್ನು ಬಿಟ್ಟಾಗ ದಂಡಕ್ಕೂ ಬೆಲೆಯುಳಿಯಲಿಲ್ಲ. ೧೮೩೧ರಲ್ಲಿ ಬ್ರಿಟಿಷರು ಸಂಸ್ಥಾನದ ಆಡಳಿತವನ್ನೇ ವಹಿಸಿಕೊಂಡು ಐವತ್ತು ವರ್ಷ ನಡೆಸಿದರು. ೧೮೮೧ರಲ್ಲಿ ರಾಜ್ಯವನ್ನು ಮರಳಿ ಒಪ್ಪಿಸುವಾಗ ಬರೆದುಕೊಟ್ಟ ಪತ್ರದಲ್ಲಿ, ಜಾರಿಯಲ್ಲಿರುವ ಕಾಯಿದೆಗಳನ್ನು ಗವರ್ನರ್ ಜನರಲ್ ಅವರ ಒಪ್ಪಿಗೆಯಿಲ್ಲದೆ ಮಹಾರಾಜರು ಬದಲಿಸಕೂಡದೆಂದು ನಿಬಂಧನೆಯಿದ್ದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ೧೪೪ ಮಂದಿ ಸದಸ್ಯರ ಪ್ರಜಾಪ್ರತಿನಿಧಿ ಸಭೆಯು ಸೇರಿತು; ೧೯೦೭ರಲ್ಲಿ ನ್ಯಾಯವಿಧಾಯಕ ಸಭೆಯು ಸ್ಥಾಪಿತವಾಯಿತು. ಒಬ್ಬನ ಅಪ್ಪಣೆಯಾಗಿದ್ದುದು ಹಲವರ ಸಮಾಲೋಚನೆಯಾಗತೊಡಗಿತು.

ಈ ಕಾಲದಲ್ಲಿ ಹರಿಹರದ ನದೀತೀರವು ಶಾಸನವಿಚಾರಕ್ಕೆ ಒಂದು ಪಾಠಶಾಲೆಯಂತೆ ಇದ್ದಿತೆಂದು ಹೇಳಬಹುದು. ಈಚೆಯ ದಡವು ಮೈಸೂರು ಸಂಸ್ಥಾನ. ಆಚೆಯ ದಡದ ರಾಣಿಬೆನ್ನೂರಿನ ಸೀಮೆಯು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆ. ಉತ್ತರಕ್ಕೆ ಹರಪನಹಳ್ಳಿಯು ಮದರಾಸು ಇಲಾಖೆಯ ಬಳ್ಳಾರಿ ಜಿಲ್ಲೆ. ೧೮೬೮ರಲ್ಲಿ ಮುಗಿದ ಸೇತುವೆಯನ್ನು ದಾಟಿ ಬೀಗರ ಮನೆಗೆ ಹೋದವನು ಒಂದು ಶಾಸನದಿಂದ ಮತ್ತೊಂದು ಶಾಸನಕ್ಕೆ ಕಾಲಿಡುತ್ತಿದ್ದನು. ಮೈಸೂರಿನಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ವಿವಾಹವು ೧೮೯೪ರಲ್ಲಿಯೇ ನಿಷಿದ್ಧವಾಯಿತು. ಆಚೆಯ ದಡದಲ್ಲಿ ಆಗ ಅಂತಹ ನಿಷೇಧವಿರಲಿಲ್ಲ. ೧೯೨೯ರಲ್ಲಿ ಅಂಗೀಕೃತವಾದ ಶಾರದಾ ಕಾಯಿದೆಯು ೧೯೩೦ರ ಏಪ್ರಿಲ್ ೧ರಿಂದ ಬ್ರಿಟಿಷ್ ಇಂಡಿಯಾದಲ್ಲಿ ಜಾರಿಗೆ ಬಂದು ಕನ್ಯೆಯ ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಲು, ಈಗ ಆಚೆಯ ದಡವೇ ಮುಂದಾಯಿತು. ೧೯೩೩ರಲ್ಲಿ ಮೈಸೂರು ಸರಕಾರವು ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ, ವಿಭಾಗಕಾಲದಲ್ಲಿ ತಾಯಿ, ಅವಿವಾಹಿತ ಪುತ್ರಿ ಮೊದಲಾದವರಿಗೂ ಪಾಲನ್ನು ಕೊಡಿಸಲು, ಮತ್ತೆ ಈಚೆಯ ದಡವು ಮುಂದಾಯಿತು. ಬ್ರಿಟಿಷ್ ಇಂಡಿಯಾದ ೧೯೩೭ರ ಕಾಯಿದೆಯು ವಿಧವೆಗೆ ಪರಿಮಿತವಾದ ಹಕ್ಕನ್ನು ಕೊಟ್ಟಿತೇ ಹೊರತು ಮಗಳಿಗೆ ಕೊಡಲಿಲ್ಲ.

ಒಂದೇ ನೀರನ್ನು ಕುಡಿದು, ಒಂದೇ ಭಾಷೆಯನ್ನಾಡಿ, ಒಂದೇ ಇಷ್ಟಲಿಂಗವನ್ನು ಪೂಜಿಸುವ ಇಬ್ಬರು ಅಕ್ಕತಂಗಿಯರಲ್ಲಿ ಒಬ್ಬಳು ಹರಿಹರಕ್ಕೂ ಒಬ್ಬಳು ರಾಣಿಬೆನ್ನೂರಿಗೂ ಸೊಸೆಯಾಗಿ ಹೋಗಿದ್ದರೆ, ಅವರ ಹೆಣ್ಣುಮಕ್ಕಳ ಪಾಲು ಬೇರೆಬೇರೆಯಾಗುತ್ತಿದ್ದಿತು. ಶಾಸನವು ಪ್ರಭುವಿನ ಆಜ್ಞೆ ಮಾತ್ರವೇ ಆಗಿದ್ದರೆ, ಇದರಲ್ಲಿ ಅಕ್ರಮವೇನೂ ಇಲ್ಲ. ಎರಡು ಪ್ರಭುಗಳು, ಎರಡು ಆಜ್ಞೆಗಳು. ಆದರೆ ಈ ಭೇದವನ್ನು ಕಂಡು ಇದು ನ್ಯಾಯವೇ ಎಂದು ನಮ್ಮ ಮನಸ್ಸು ಕೇಳುತ್ತದಷ್ಟೆ? ಹಾಗೆ ಕೇಳುವುದೇ, ಎರಡು ದಡಗಳ ಆಜ್ಞೆಗಳನ್ನೂ ಅಳೆ‌ಯುವ ಕೋಲೊಂದು ಪ್ರಭುಶಕ್ತಿಯ ಆಚೆಗಿದೆಯೆಂಬುದಕ್ಕೆ ಪ್ರಮಾಣವು. ೧೯೫೬ರ ನವೆಂಬರ್ ೧ರಂದು ಎರಡು ದಡಗಳೂ ಒಂದೇ ರಾಜ್ಯವಾದುವು. ಮಗಳಿಗೂ ಜನ್ಮದಿಂದಲೇ ಸ್ವಾಮ್ಯವೆಂಬ ತಿದ್ದುಪಡಿಯು ಕರ್ನಾಟಕದಲ್ಲಿ ೧೯೯೪ರಲ್ಲಿಯೂ, ಭಾರತಾದ್ಯಂತ ೨೦೦೫ರಲ್ಲಿಯೂ ಬಂದಿತು. ಮಿತಾಕ್ಷರಾಕಾರನು ಮಗನಿಗೆ ಹೇಳಿದ ನ್ಯಾಯವೇ ಮಗಳವರೆಗೆ ಬೆಳೆಯಿತು.

೭. ಸಂವಿಧಾನವೂ ಮಠಗಳೂ

೧೯೪೯ರ ನವೆಂಬರ್ ೨೫ರಂದು ಮೈಸೂರಿನ ಮಹಾರಾಜರು ಭಾರತದ ಸಂವಿಧಾನವನ್ನು ತಮ್ಮ ಸಂಸ್ಥಾನಕ್ಕೂ ಅಂಗೀಕರಿಸಿ ಘೋಷಣೆಯನ್ನು ಹೊರಡಿಸಿದರು. ಒಬ್ಬ ದೊರೆಯು ತನಗಿಂತ ಮೇಲಾದ ಒಂದು ಬರಹಕ್ಕೆ ತಲೆಬಾಗಿದ ಆ ದಿನವು ನಮ್ಮ ಚರಿತ್ರೆಯಲ್ಲಿ ಸ್ಮರಣೀಯವಾದುದು. ಈ ಸಂವಿಧಾನದ ಕೆಳಗೆ ಶಾಸನಕ್ಕೂ ಪ್ರಭುಶಕ್ತಿಗೂ ಇರುವ ಸಂಬಂಧವನ್ನು ನಿರ್ಣಯಿಸಿದ ಎರಡು ಮಹಾವ್ಯಾಜ್ಯಗಳು ಕನ್ನಡನಾಡಿನ ಮಠಗಳಿಂದಲೇ ಹೊರಟುವೆಂಬುದು ಮಠದ ಭಕ್ತರು ತಿಳಿದಿರಬೇಕಾದ ಸಂಗತಿಯು.

ಮೊದಲನೆಯದು ಉಡುಪಿಯ ಅಷ್ಟಮಠಗಳಲ್ಲೊಂದಾದ ಶೀರೂರು ಮಠದ್ದು. ಆಗ ಮದರಾಸು ರಾಜ್ಯಕ್ಕೆ ಸೇರಿದ್ದ ಆ ಸೀಮೆಯಲ್ಲಿ ೧೯೫೧ರ ಧಾರ್ಮಿಕದತ್ತಿಗಳ ಕಾಯಿದೆಯು ಮಠದ ಆಡಳಿತದಲ್ಲಿ ಸರಕಾರಕ್ಕೆ ಬಹಳ ಅಧಿಕಾರವನ್ನು ಕೊಟ್ಟಿತ್ತು. ೧೯೫೪ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಆಸ್ತಿಪಾಸ್ತಿಯ ಲೌಕಿಕ ಆಡಳಿತವನ್ನು ಕಾಯಿದೆಯಿಂದ ನಿಯಂತ್ರಿಸಬಹುದೆಂದೂ, ಧರ್ಮದ ಅವಶ್ಯಾಂಗಗಳು ಯಾವುವೆಂಬುದನ್ನು ಆಯಾ ಧರ್ಮದ ಸಿದ್ಧಾಂತದಿಂದಲೇ ತಿಳಿಯತಕ್ಕದ್ದೆಂದೂ ನಿರ್ಣಯಿಸಿ, ಕಾಯಿದೆಯ ಕೆಲವು ಪ್ರಕರಣಗಳನ್ನು ಅಸಿಂಧುಗೊಳಿಸಿತು. ಪ್ರಭುವಿನ ಕೈ ಎಲ್ಲಿಯವರೆಗೆ ಚಾಚಬಹುದೆಂಬುದಕ್ಕೆ ಇಲ್ಲಿ ಗೆರೆಯೊಂದು ಬಿದ್ದಿತು; ಮಠಾಧಿಪತಿಗಳೂ ಲೆಕ್ಕಪತ್ರಕ್ಕೆ ಅತೀತರಲ್ಲವೆಂದೂ ಆಯಿತು.

ಎರಡನೆಯದು ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳದು. ಕೇರಳದ ಭೂಸುಧಾರಣೆಯ ಕಾಯಿದೆಯಿಂದ ಮಠದ ಭೂಮಿಗೆ ಬಾಧೆ ಬರಲು ಅವರು ೧೯೭೦ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಹದಿಮೂರು ಮಂದಿ ನ್ಯಾಯಾಧೀಶರು ಕುಳಿತು ೧೯೭೩ರ ಏಪ್ರಿಲ್ ೨೪ರಂದು, ಏಳಕ್ಕೆ ಆರರ ಬಹುಮತದಿಂದ, ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದಾದರೂ ಅದರ ಮೂಲಸ್ವರೂಪವನ್ನು ಕೆಡಿಸಲಾರದೆಂದು ತೀರ್ಪಿತ್ತರು. ಸ್ವಾಮಿಗಳು ತಮ್ಮ ಮಠದ ಭೂಮಿಗಾಗಿ ಹೋದರು; ದೊರೆತುದು ದೇಶಕ್ಕೆಲ್ಲ ಸಲ್ಲುವ ಒಂದು ಕಟ್ಟೆ. ಚುನಾಯಿತವಾದ ಸಭೆಯಾದರೂ, ಎಷ್ಟೇ ಬಹುಮತವಿದ್ದರೂ, ದಾಟಲಾಗದ ಎಲ್ಲೆಯೊಂದಿದೆಯೆಂಬುದು ಅಂದು ಸ್ಥಿರವಾಯಿತು.

ಆ ಎಲ್ಲೆಯ ಬೆಲೆಯು ಬೇಗನೆ ತಿಳಿದುಬಂದಿತು. ೧೯೭೫ರ ತುರ್ತುಪರಿಸ್ಥಿತಿಯ ಕಾಲದಲ್ಲಿ, ಸೆರೆಯಲ್ಲಿಟ್ಟವರು ಬಿಡುಗಡೆಗಾಗಿ ನ್ಯಾಯಾಲಯಕ್ಕೆ ಬರಲಾಗದೆಂದು ೧೯೭೬ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬಹುಮತದಿಂದ ಹೇಳಿತು; ನ್ಯಾಯಾಧೀಶ ಎಚ್. ಆರ್. ಖನ್ನಾ ಅವರೊಬ್ಬರೇ ಭಿನ್ನಮತವನ್ನು ಬರೆದರು. ನಲವತ್ತೊಂದು ವರ್ಷಗಳ ಮೇಲೆ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ವ್ಯಾಜ್ಯದಲ್ಲಿ, ೨೦೧೭ರ ಆಗಸ್ಟ್ ೨೪ರಂದು ಆ ತೀರ್ಪು ತಪ್ಪೆಂದು ಅದೇ ನ್ಯಾಯಾಲಯವು ಸಾರಿತು. ಬಹುಮತವು ಆಜ್ಞಾಪಿಸಿದುದು ಅಳಿಯಿತು. ಒಬ್ಬರ ನ್ಯಾಯವಾದ ಮಾತು ಉಳಿಯಿತು.

೮. ಮಠದ ನ್ಯಾಯವೂ ಸರಕಾರದ ನ್ಯಾಯವೂ

ಮಠದಲ್ಲಿ ನ್ಯಾಯ ಹೇಳುವ ಪದ್ಧತಿಯು ನಮ್ಮ ಸೀಮೆಯಲ್ಲಿ ಇಂದಿಗೂ ಜೀವಂತವಾಗಿದೆ. ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಸೋಮವಾರಗಳಂದು ನಡೆಯುವ ಸದ್ಧರ್ಮ ನ್ಯಾಯಪೀಠಕ್ಕೆ ದೂರದೂರದ ರೈತರು ತಮ್ಮ ಕಲಹಗಳನ್ನು ತರುವುದು ಲೋಕವಿದಿತವಾಗಿದೆ. ಅಲ್ಲಿ ಪೋಲೀಸರಿಲ್ಲ, ಸೆರೆಮನೆಯಿಲ್ಲ. ಎರಡು ಕಡೆಯವರ ಒಪ್ಪಿಗೆಯೇ ಅದರ ಬಲವು. ಹರಿದ್ರೆಯ ಕಟ್ಟೆಯ ಶಾಸನದಲ್ಲಿ ಕಂಡ ಸಮಯವೇ ಇಲ್ಲಿ ಬೇರೆಯ ರೂಪದಲ್ಲಿದೆ. ಸರಕಾರವೂ ಇಂತಹ ಸಂಧಾನವನ್ನು ಆದರಿಸಿಯೇ ಇದೆ. ೧೯೮೭ರ ಕಾಯಿದೆಯಿಂದ ಏರ್ಪಟ್ಟ ಲೋಕ ಅದಾಲತ್ತುಗಳೂ, ೧೯೯೬ರ ಮಧ್ಯಸ್ಥಿಕೆಯ ಕಾಯಿದೆಯೂ ಇದಕ್ಕೆ ನಿದರ್ಶನವು.

ಆದರೆ ಮೇರೆಯನ್ನೂ ನೆನಪಿನಲ್ಲಿಡತಕ್ಕದ್ದು. ಧಾರ್ಮಿಕ ಸಂಸ್ಥೆಗಳು ಕೊಡುವ ನಿರ್ಣಯವನ್ನು ಒಪ್ಪದವನ ಮೇಲೆ ಹೇರುವಂತಿಲ್ಲವೆಂದು ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿರುವುದು. ಕೊಲೆ, ಬಲಾತ್ಕಾರ ಮೊದಲಾದ ಅಪರಾಧಗಳು ಯಾವ ಪಂಚಾಯತಿಯಲ್ಲಿಯೂ ತೀರತಕ್ಕವಲ್ಲ. ಒಪ್ಪಿಗೆಯಿಂದ ಬಂದುದು ನ್ಯಾಯ. ಒಪ್ಪದವನನ್ನು ಊರಿಂದ ಹೊರಗಿಟ್ಟು, ನೀರು ಬೆಂಕಿ ನಿಲ್ಲಿಸಿ ಒಪ್ಪಿಸಿದುದು ಬಿಜ್ಜಳನ ದಂಡವೇ ಹೊರತು ಬಸವಣ್ಣನ ಧರ್ಮವಲ್ಲ. ಹೆಣ್ಣುಮಗಳೊಬ್ಬಳು ಸಭೆಯಲ್ಲಿ ಬಾಯಿತೆರೆಯಲು ಅಂಜುವಂತಿದ್ದರೆ, ಅಲ್ಲಿ ಆದ ‘ಒಪ್ಪಿಗೆ’ಗೆ ಬೆಲೆಯಿಲ್ಲ. ಪ್ರಭುವಿಗೆ ಹಾಕಿದ ಗೆರೆಯನ್ನು ಮಠವೂ ಊರೂ ತಮಗೆ ತಾವೇ ಹಾಕಿಕೊಳ್ಳಬೇಕು.

೯. ಉಪಸಂಹಾರ

ಈವರೆಗೆ ವಿಚಾರಿಸಿದುದರಿಂದ ಸಿದ್ಧಾಂತವು ಹೀಗೆ ಫಲಿಸುತ್ತದೆ. ಶಾಸನಕ್ಕೆ ನ್ಯಾಯ, ಸಮ್ಮತಿ, ದಂಡವೆಂದು ಮೂರು ಆಧಾರಗಳು. ನ್ಯಾಯವಿಲ್ಲದ ದಂಡವು ಬಿಜ್ಜಳನ ಆಜ್ಞೆಯಂತಾಗುವುದು. ಸಮ್ಮತಿಯಿಲ್ಲದ ದಂಡವು ಶರತ್ತಿನ ವಸೂಲಿಯಂತಾಗುವುದು. ದಂಡದ ಬೆಂಬಲವಿಲ್ಲದ ನ್ಯಾಯವು ಒಡೆದ ಕಟ್ಟೆಯ ನೀರಿನಂತೆ ಸೋರಿಹೋಗುವುದು. ಇವುಗಳಲ್ಲಿ ಪ್ರಭುಶಕ್ತಿಯು ಕೊಡಬಲ್ಲುದು ದಂಡವೊಂದನ್ನೇ; ಉಳಿದೆರಡನ್ನು ಅದು ಜನರಿಂದಲೂ ಧರ್ಮದಿಂದಲೂ ಪಡೆಯಬೇಕು. ಆದುದರಿಂದ ಪ್ರಭುವು ಶಾಸನದ ತಂದೆಯಲ್ಲ, ಕಾವಲುಗಾರನು. ಕಾವಲುಗಾರನನ್ನು ಗೌರವಿಸತಕ್ಕದ್ದು; ಆದರೆ ಅವನು ಹೊಲದ ಒಡೆಯನೆಂದು ಬಗೆಯಬಾರದು.

ಹೀಗಿರಲು ಕಾಯಿದೆಗೆ ವಿಧೇಯರಾಗಿರಿ ಎಂದಷ್ಟೇ ಹೇಳಿ ಲೇಖನವನ್ನು ಮುಗಿಸಿದರೆ ಸಾಲದು. ನ್ಯಾಯವಾದ ಕಾಯಿದೆಗೆ ಭಯದಿಂದಲ್ಲದೆ ತಿಳಿವಿನಿಂದ ವಿಧೇಯರಾಗಿರುವುದು, ಅನ್ಯಾಯವಾದುದನ್ನು ಸಭೆಯಲ್ಲಿಯೂ ನ್ಯಾಯಾಲಯದಲ್ಲಿಯೂ ಮತದಾನದಲ್ಲಿಯೂ ತಿದ್ದಿಸಲು ಯತ್ನಿಸುವುದು, ಮಗಳ ಪಾಲನ್ನು ಕಾಯಿದೆಯು ಕೇಳುವ ಮೊದಲೇ ಕೊಡುವುದು, ಕೊಟ್ಟ ಮಾತು ಕಲ್ಲಿನ ಮೇಲೆ ಕೊರೆಯದಿದ್ದರೂ ಕೊರೆದಂತೆಯೇ ನಡೆಸುವುದು—ಇವು ಭಕ್ತರ ಲಕ್ಷಣಗಳು. ಶ್ರೀಗುರುಕೃಪೆಯಿಂದ ನಮ್ಮ ನಾಡಿನಲ್ಲಿ ದಂಡವು ನ್ಯಾಯವನ್ನು ಅನುಸರಿಸಲಿ. ನ್ಯಾಯವು ದುರ್ಬಲರ ಮನೆಯ ಬಾಗಿಲವರೆಗೆ ಹರಿದು ಬರಲಿ. ಶಾಸನವೆಂಬ ಕಟ್ಟೆಯು ಅಭೇದ್ಯವಾಗಿ ನಿಲ್ಲಲಿ ಎಂದು ಪ್ರಾರ್ಥಿಸಿ ಈ ಲೇಖನವನ್ನು ಶ್ರೀಮಠದ ಚರಣಗಳಲ್ಲಿ ಸಮರ್ಪಿಸುತ್ತೇನೆ.

ಇತಿ ಶಿವಂ.